ಮಂಚ ಜನವೋ, ಸರಕೋ?

ಜಿಲಾನಿಯ ಆ ದಿನದ ಕಷ್ಟವೆಲ್ಲ ಶುರುವಾದದ್ದು ಒಂದು ಹಾಳೆಯಿಂದ. ಅದಕ್ಕೆ ಗೋಂದು ಬಳಿದು ಟಿಕೆಟ್ ಕಿಟಕಿಯ ಪಕ್ಕದ ಗೋಡೆಗೆ ಅಂಟಿಸಿದವನೂ ಅವನೇ. "ರಜೆಗೆ ಬಂದವರು ಹೆಚ್ಚಾಗಿರುವುದರಿಂದ ಇಂದು ಹಡಗಿನಲ್ಲಿ ಜನರ ಕಾರುಗಳಿಗೆ ಮಾತ್ರ ಜಾಗ. ಸರಕಿನ ಲಾರಿಗಳು ನಾಳೆಯವರೆಗೆ ಕಾಯತಕ್ಕದ್ದು." ಅಂಟಿಸಿ, ಅಂಗೈಯಿಂದ ಸವರಿ, ಎರಡು ಹೆಜ್ಜೆ ಹಿಂದೆ ಸರಿದು ಓದಿದಾಗಲೇ ಅವನಿಗೆ ಹೊಳೆದದ್ದು: ಸರಕಿನ ಸಾಲಿನ ನಾಲ್ಕನೆಯ ಲಾರಿಯಲ್ಲಿ ತನ್ನ ಮಗಳ ಮದುವೆಯ ಮಂಚವಿದೆ.

ಸ್ಫಾಕ್ಸ್ ಬಂದರಿನಿಂದ ಕರ್ಕೆನ್ನಾ ದ್ವೀಪಕ್ಕೆ ಹೋಗುವ ಹಡಗಿಗೆ ವಾಹನ ಹತ್ತಿಸುವುದು ಇಪ್ಪತ್ತೆರಡು ವರ್ಷದಿಂದ ಅವನ ಕೆಲಸ. ಒಂದು ಲಾರಿಯ ಜಾಗದಲ್ಲಿ ನಾಲ್ಕು ಕಾರು ಹಿಡಿಸುತ್ತವೆ. ಲಾರಿ ಬಿಟ್ಟರೆ ಕಾರಿನವರು ಬೈಯುತ್ತಾರೆ, ಕಾರು ಬಿಟ್ಟರೆ ಲಾರಿಯವರು ಬೈಯುತ್ತಾರೆ. ಎರಡೂ ಕಡೆಯ ಬೈಗುಳ ಸಮನಾಗಿ ಬಿದ್ದರೆ ಕೆಲಸ ಸರಿಯಾಗಿ ನಡೆಯುತ್ತಿದೆ ಎಂದು ಜಿಲಾನಿಯ ನಂಬಿಕೆ. ಒಮ್ಮೆ ಸ್ವಂತ ಸೋದರಮಾವನನ್ನೇ ಎರಡು ಹಡಗು ತಪ್ಪಿಸಿ ಕಾಯಿಸಿದ್ದ. ಆತ ಇವತ್ತಿಗೂ ಇವನನ್ನು ಮಾತಾಡಿಸುವುದಿಲ್ಲ.

ಮಗಳು ಸಲ್ವಾಳ ಮದುವೆ ಶುಕ್ರವಾರ, ಗಂಡಿನ ಮನೆ ದ್ವೀಪದಲ್ಲಿ. ಆ ಕಡೆಯ ಪದ್ಧತಿಯಂತೆ ಇವತ್ತು, ಮಂಗಳವಾರ, ಸೂರ್ಯ ಮುಳುಗುವುದರೊಳಗೆ ಹೆಣ್ಣಿನ ಸಾಮಾನು ಅಲ್ಲಿಗೆ ಸೇರಬೇಕು. ಹೆಣ್ಣಿನ ಕಡೆಯ ಹೆಂಗಸರೇ ಹೋಗಿ ಜೋಡಿಸಬೇಕು, ನೆರೆಹೊರೆಯವರು ಬಂದು ಹಾಸಿಗೆ ಒತ್ತಿ ನೋಡಬೇಕು. ಹೋದ ವರ್ಷ ಯಾರದೋ ಸಾಮಾನು ಒಂದು ದಿನ ತಡವಾಯಿತೆಂದು ಆ ಸೊಸೆಯನ್ನು ಈಗಲೂ "ನಾಳೆ ಬರೋಳು" ಎಂದೇ ಕರೆಯುತ್ತಾರೆ. ಮಗಳಿಗೆ ಅಂಥ ಹೆಸರು ಬರುವುದು ಜಿಲಾನಿಗೆ ಬೇಕಿರಲಿಲ್ಲ. ಅವನಿಗಿದ್ದವಳು ಅವಳೊಬ್ಬಳೇ.

ಅವನ ಹೆಂಡತಿ ಶದ್ಲಿಯಾ ಲಾರಿಗೆ ಮಂಚ, ಬೀರು, ಕನ್ನಡಿಯ ಜೊತೆ ಹದಿನೆಂಟು ಉಣ್ಣೆಯ ಹಾಸಿಗೆ ಏರಿಸಿದ್ದಳು. ಅದರಲ್ಲಿ ಹೊಸವು ಆರು. ಉಳಿದ ಹನ್ನೆರಡು ಅವರ ಮನೆಯವೇ, ಚಾಪೆ ದಿಂಬುಗಳ ಸಮೇತ. "ಮದುವೆಗೆ ಹೋದ ನಮ್ಮ ನೆಂಟರು ಅಲ್ಲಿ ನೆಲದ ಮೇಲೆ ಮಲಗ್ಬೇಕಾ?" ಎಂದು ಕೇಳಿ ಗಂಡನ ಬಾಯಿ ಮುಚ್ಚಿಸಿದ್ದಳು.

"ನೀವೇ ಅಂಟ್ಸಿದ್ದಲ್ವಾ ಜಿಲಾನಿಯಣ್ಣ, ನೀವೇ ಕಿತ್ತಾಕಿ," ಎಂದ ಲಾರಿಯ ಡ್ರೈವರ್ ಬೂಬಕರ್, ಸೂರ್ಯಕಾಂತಿ ಬೀಜ ಉಗುಳುತ್ತ.

"ಅಲ್ಲಿ ಡೈರೆಕ್ಟರ್ ಸಾಹೇಬ್ರ ಸಹಿ ಇದೆಯಪ್ಪ."

"ಮದ್ವೆ ಅಂದ್ರೆ ಸರಕೇನ್ರೀ?" ಎಂದು ಪಕ್ಕದ ಐಸ್ ಲಾರಿಯವನು ತಲೆ ಹೊರಗೆ ಹಾಕಿದ. ಅವನ ಲಾರಿಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಮದ್ವೆ ಅಂದ್ರೆ ಜನ. ನಾಲ್ಕು ಹೆಂಗಸ್ರನ್ನ ಹತ್ಸಿ, ಡೋಲು ಬಡೀಲಿ, ದಿಬ್ಬಣ ಆಯ್ತು. ದಿಬ್ಬಣ ತಡೆಯೋ ಗಂಡಸು ಈ ಊರಲ್ಲಿ ಹುಟ್ಟಿಲ್ಲ."

ಜಿಲಾನಿಗೆ ಇದು ಕಾಯಿದೆಯ ಮಾತಿನಂತೆಯೇ ಕೇಳಿಸಿತು. ಒಂದು ಗಂಟೆಯೊಳಗೆ ಶದ್ಲಿಯಾ ತನ್ನ ಆರು ಜನ ಅಕ್ಕತಂಗಿಯರೊಂದಿಗೆ ಡೋಲು ಹಿಡಿದು ಬಂದಿಳಿದಳು. ಲಾರಿಗೆ ಕೆಂಪು ರಿಬ್ಬನ್ ಸುತ್ತಿದರು. ಏಳು ಹೆಂಗಸರು ಹಾಸಿಗೆಗಳ ಮೇಲೆ ಹತ್ತಿ ಕೂತು ಹಾಡಲು ಶುರುಮಾಡಿದರು. ಜಿಲಾನಿ ಸೀಮೆಸುಣ್ಣದಿಂದ ಲಾರಿಯ ಗಾಜಿನ ಮೇಲೆ "ಜನ" ಎಂದು ಬರೆದು ಕಾರುಗಳ ಸಾಲಿಗೆ ತಿರುಗಿಸಿದ. ಮುಂದೆ ಎಪ್ಪತ್ತು ಕಾರುಗಳಿದ್ದರೂ ಮೂರನೆಯ ಹಡಗಿಗೆ ಜಾಗ ಖಂಡಿತ ಎಂದು ಲೆಕ್ಕ ಹಾಕಿಕೊಂಡ.

ಹನ್ನೆರಡೂವರೆಗೆ ಡೈರೆಕ್ಟರ್ ಮೊನ್ಸೆಫ್ ಬೆವರು ಒರೆಸಿಕೊಳ್ಳುತ್ತ ಓಡಿ ಬಂದರು. ಅವರ ಕೈಯಲ್ಲಿ ಇನ್ನೊಂದು ಹಾಳೆಯಿತ್ತು.

"ಜಿಲಾನಿ, ದ್ವೀಪದಿಂದ ಒಂದೇ ಸಮ ಫೋನು! ಅಡುಗೆ ಗ್ಯಾಸ್ ಇಲ್ವಂತೆ, ಐಸಿಲ್ದೆ ಮೀನು ಕೊಳೀತಿದೆಯಂತೆ. ನಾವು ಕಳ್ಸಿದ ಜನಕ್ಕೆ ಅವ್ರು ಏನು ಬೇಯ್ಸಿ ಹಾಕ್ತಾರೆ? ಈಗಿಂದ ಬರೀ ಸರಕು. ಕಾರುಗಳು ನಾಳೆ. ಅಂಟ್ಸು!"

ಜಿಲಾನಿ ಮೊದಲನೆಯದರ ಮೇಲೆಯೇ ಎರಡನೆಯದನ್ನು ಅಂಟಿಸಿದ. ಕಾರುಗಳ ಹಾರ್ನು ಒಟ್ಟಿಗೇ ಕೂಗಿದವು. ಐಸ್ ಲಾರಿಯವನು ಕೈ ಬೀಸುತ್ತ, ಒಂದಿಷ್ಟೂ ನಾಚಿಕೆಯಿಲ್ಲದೆ ಹಡಗು ಹತ್ತಿದ.

ಜಿಲಾನಿ ಓಡಿ ಹೋಗಿ ರಿಬ್ಬನ್ ಕೀಳತೊಡಗಿದ. "ಇಳೀರಿ, ಇಳೀರಿ! ಡೋಲು ನಿಲ್ಸಿ! ಈಗ ಇದು ಸರಕು."

"ಬೆಳಿಗ್ಗೆ ಜನ ಅಂದ್ರಿ, ಮಧ್ಯಾಹ್ನ ಸರಕು ಅಂತೀರಿ," ಎಂದಳು ಶದ್ಲಿಯಾ ಹಾಸಿಗೆಯ ಮೇಲಿನಿಂದ. "ಸಂಜೆಗೆ ನಾವು ಏನಾಗ್ಬೇಕು, ಮೀನಾ? ನಿಮ್ಮನ್ನ ಕಟ್ಕೊಂಡಾಗ್ಲೇ ನಮ್ಮಪ್ಪ ಹೇಳಿದ್ರು, ಸೀಟಿ ಊದೋನಿಗೆ ಸ್ವಂತ ಬುದ್ಧಿ ಇರಲ್ಲ ಅಂತ."

"ಅಲ್ಲಾನಾಣೆ ಇಳಿಯೇ ಮಾರಾಯ್ತಿ! ನಡೆದು ಹತ್ತೋರಿಗೆ ಯಾವತ್ತೂ ತಡೆಯಿಲ್ಲ. ನೀವು ನಡೆದು ಹತ್ತಿ, ಮಂಚ ಅದ್ರ ಪಾಡಿಗೆ ಬರ್ಲಿ."

"ಜನ" ಎಂಬುದನ್ನು ತೋಳಿನಿಂದ ಒರೆಸಿ "ಸರಕು" ಎಂದು ಬರೆದ. ಆದರೆ ಸಾಲು ಬಿಟ್ಟು ಹೋದ ಲಾರಿಗೆ ಹಳೆಯ ಜಾಗ ಕೊಡಲು ಉಳಿದ ಡ್ರೈವರುಗಳು ಒಪ್ಪಲಿಲ್ಲ. ನಾಲ್ಕನೆಯದಾಗಿದ್ದದ್ದು ಇಪ್ಪತ್ತಾರನೆಯದಾಯಿತು. ಐದು ಗಂಟೆಗೆ ದ್ವೀಪಕ್ಕೆ ಕೊನೆಯ ಹಡಗು. ಆ ಹೊತ್ತಿಗೆ ಸಾಲಿನಲ್ಲಿ ಇವರ ಮುಂದೆ ಇನ್ನೂ ಒಂಬತ್ತು ಲಾರಿಗಳಿದ್ದವು. ಹಡಗಿಗೆ ಹಿಡಿಸುವುದು ಎಂಟು. ಡೈರೆಕ್ಟರ್ ಬೇರೆ ಹಡಗಿನ ಬಾಯಲ್ಲೇ ನಿಂತು ಒಂದೊಂದೇ ಎಣಿಸುತ್ತಿದ್ದರು.

ಇಪ್ಪತ್ತೆರಡು ವರ್ಷದಲ್ಲಿ ಜಿಲಾನಿ ಒಂದು ಸಲವೂ ಸಾಲು ಮುರಿದಿರಲಿಲ್ಲ. ಸಲ್ವಾಳ ಮುಖ ನೆನೆದುಕೊಂಡ. ಹೋಗಿ ಡೈರೆಕ್ಟರ ಕಿವಿಯ ಬಳಿ ಬಗ್ಗಿದ.

"ಸಾಹೇಬ್ರೇ, ಒಂದು ಮಾತು. ಹೋಗೋ ಹಡಗಿಗೆ ನೂಕುನುಗ್ಗಲು, ಬರೋ ಹಡಗಲ್ಲಿ ನೊಣ ಕೂಡ ಇಲ್ಲ. ಸುಮ್ನೆ ಎಣ್ಣೆ ದಂಡ. ಈಗ ಅಲ್ಲಿಂದ ಹೊರಡೋ ಹಡಗಿಗೆ ಅರ್ಧ ಟಿಕೆಟ್ ಅಂತ ಮೈಕಲ್ಲಿ ಕೂಗ್ಸಿದ್ರೆ, ತುಂಬ್ಕೊಂಡು ಬರಲ್ವಾ?"

ಡೈರೆಕ್ಟರ ಕಣ್ಣು ಅರಳಿತು. "ಇಷ್ಟು ವರ್ಷ ಈ ತಲೆ ಎಲ್ಲಿಟ್ಟಿದ್ದೆಯಯ್ಯ?" ಎನ್ನುತ್ತ ಫೋನು ಮಾಡಲು ಆಫೀಸಿಗೆ ಓಡಿದರು.

ಅವರ ಬೆನ್ನು ತಿರುಗಿದ್ದೇ ತಡ, ಜಿಲಾನಿ ಸೀಟಿ ಊದಿದ. ಬೂಬಕರ್ ಸಾಲಿನ ಹೊರಗಿನಿಂದ ಲಾರಿಯನ್ನು ನುಗ್ಗಿಸಿದ. ಹಿಂದಿನಿಂದ ಬಿದ್ದ ಬೈಗುಳದಲ್ಲಿ ಜಿಲಾನಿಯ ಅಜ್ಜ ಮುತ್ತಜ್ಜಂದಿರೂ ಬಂದುಹೋದರು. ಈ ಸಲ ಬೈಗುಳ ಒಂದೇ ಕಡೆಯಿಂದ ಬಿತ್ತು, ಮತ್ತು ಅದು ನ್ಯಾಯವಾದದ್ದೇ ಆಗಿತ್ತು. ಶದ್ಲಿಯಾ ಮೇಲಿನ ಕಟಕಟೆಯಿಂದ ಗಂಡನತ್ತ ಕೈ ಬೀಸಿದಳು. ಹಡಗು ಹೊರಟಿತು, ಡೋಲು ಮತ್ತೆ ಶುರುವಾಯಿತು. ಜಿಲಾನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಗೋಡೆಗೊರಗಿ ಕೂತು ಎರಡು ಲೋಟ ಪುದೀನಾ ಚಹಾ ಕುಡಿದ.

ಏಳು ಗಂಟೆಗೆ ದ್ವೀಪದಿಂದ ಬಂದ ಹಡಗು ತುಂಬಿ ತುಳುಕುತ್ತಿತ್ತು. ಎಲ್ಲರಿಗಿಂತ ಮೊದಲು ಇಳಿದು ಬಂದವಳು ದಪ್ಪನೆಯ ಹೆಂಗಸೊಬ್ಬಳು, ತಲೆಯ ಮೇಲೆ ಒಣಗಿದ ಆಕ್ಟೋಪಸ್ಸಿನ ಬುಟ್ಟಿ. ಅವಳ ಹಿಂದೆ ಗಂಡ, ಮಕ್ಕಳು, ನಾದಿನಿಯರು, ಹೀಗೆ ಒಟ್ಟು ಹದಿನೈದು ಜನ. ಜಿಲಾನಿ ಲೋಟ ಕೆಳಗಿಟ್ಟು ಎದ್ದು ನಿಂತ. ಅವಳು ಗಂಡಿನ ತಾಯಿ ಝೊಹ್ರಾ.

"ಬೆಳಿಗ್ಗೆಯಿಂದ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾದ್ವಿ ಬೀಗರೇ," ಎಂದಳು ಝೊಹ್ರಾ. "ಶದ್ಲಿಯಾಗೆ ಹತ್ತು ಸಲ ಫೋನ್ ಮಾಡ್ದೆ, ಬರೀ ಡೋಲಿನ ಸದ್ದು. ಲಾರಿ ಸಿಕ್ಕಾಕೊಂಡಿದೆ ಅಂತ ಗೊತ್ತಾಯ್ತು. ಪಾಪ, ನಿಮ್ಮ ಮಗ್ಳಿಗೆ ಕೆಟ್ಟ ಹೆಸ್ರು ಯಾಕೆ, ನಾವೇ ಹೋಗಿ ಅಲ್ಲೇ ನೋಡಿ ಬರೋಣ ಅಂದ್ಕೊಂಡ್ವಿ. ಅಷ್ಟ್ರಲ್ಲಿ ಅರ್ಧ ಟಿಕೆಟ್ ಅಂತ ಮೈಕಲ್ಲಿ ಕೂಗಿದ್ರು ನೋಡಿ, ಮನೆಗೆ ಮನೇನೇ ಎದ್ದು ಬಂತು. ಎಲ್ಲಿ ಮಂಚ?"

ಜಿಲಾನಿ ಸಮುದ್ರದ ಕಡೆ ಬೆರಳು ತೋರಿಸಿದ.

ಅಷ್ಟರಲ್ಲಿ ಅವನ ಫೋನು ರಿಂಗಾಯಿತು. ಶದ್ಲಿಯಾ. "ರೀ, ಇಲ್ಲಿ ಬಾಗಿಲು ಹಾಕಿದೆ! ಬೂಬಕರ್ ಎಲ್ಲಾನೂ ಬೀದೀಲೇ ಇಳ್ಸಿದ್ದಾನೆ. ಊರೋರೆಲ್ಲ ಬಂದು ಹಾಸಿಗೆ ಒತ್ತಿ ನೋಡ್ತಿದ್ದಾರೆ. ಗಂಡಿನ ಮನೆಯವ್ರು ಎಲ್ಲಿ ಸತ್ರು?"

ಝೊಹ್ರಾಳ ಕಿವಿ ಚುರುಕು. ಜಿಲಾನಿ ಫೋನನ್ನು ಎದೆಗೆ ಒತ್ತಿ ಹಿಡಿದ.

ಆಗ ಡೈರೆಕ್ಟರ್ ಮೂರನೆಯ ಹಾಳೆ ಹಿಡಿದು ನಗುತ್ತ ಬಂದರು. "ಭೇಷ್ ಜಿಲಾನಿ! ಹಡಗು ಪೂರ್ತಿ ತುಂಬಿತ್ತು. ಆದ್ರೆ ಈ ಜನಾನೂ ಸೇರಿ ಈಗ ವಾಪಸ್ ಹೋಗೋರು ವಿಪರೀತ ಆದ್ರು. ನಾಳೆ ಬಾಕಿ ಲಾರಿ ಬೇರೆ ಹೋಗ್ಬೇಕು. ಅದಕ್ಕೇ ನಾಳೆ ಇಡೀ ದಿನ ಬರೀ ಸರಕು. ನಡೆದು ಹತ್ತೋರೂ ಬೇಡ. ಅಂಟ್ಸಿಬಿಡು."

ಜಿಲಾನಿ ಗೋಂದಿನ ಡಬ್ಬಿ ಎತ್ತಿಕೊಂಡ. ಹದಿನೈದು ಜನ ಅವನ ಹಿಂದೆ ನಿಂತು, ಅವನು ಅಂಟಿಸಿದಂತೆ ಒಂದೊಂದೇ ಸಾಲು ಓದಿದರು.

"ಹೋಗ್ಲಿ ಬಿಡಿ ಬೀಗರೇ," ಎಂದಳು ಝೊಹ್ರಾ ಕೊನೆಗೆ, ಬುಟ್ಟಿಯನ್ನು ಅವನ ಕೈಗೆ ಕೊಡುತ್ತ. "ಎರಡು ರಾತ್ರಿ ತಾನೇ, ನಿಮ್ಮ ಮನೇಲೇ ಇರ್ತೀವಿ. ಹಾಸಿಗೆ ಎಷ್ಟಿವೆ?"

"ಬೆಳಿಗ್ಗೆ ಹದಿನೆಂಟಿದ್ವು," ಎಂದ ಜಿಲಾನಿ.