ಬಿಸ್ಕತ್ತು ಬಿಟ್ಟ ಭಾವ

ನನ್ನ ಭಾವ ಬಿಸ್ಕತ್ತಿನ ಪೊಟ್ಟಣ ಹಿಡಿದು ನಿಮ್ಮ ಮನೆಗೆ ಬಂದರೆ ದಯವಿಟ್ಟು ಮೊದಲು ಕುಳಿತುಕೊಳ್ಳಿ, ನೀರಿನ ಚೊಂಬು ಹತ್ತಿರ ಇಟ್ಟುಕೊಳ್ಳಿ! ಹೋದ ವರ್ಷದ ತನಕ ನಾನು ಪರಿಚಿತರಿಗೆಲ್ಲ ಹೀಗೆಯೇ ಎಚ್ಚರಿಕೆ ಕೊಡುತ್ತಿದ್ದೆ. ಇಡೀ ಮುಂಬಯಿಯಲ್ಲಿ ಕೆಟ್ಟ ಸುದ್ದಿಯನ್ನು ಅಷ್ಟು ಮೃದುವಾಗಿ ಹೇಳುವ ಇನ್ನೊಬ್ಬ ಮನುಷ್ಯ ಇರಲಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ವಿಕ್ರೋಳಿಯ ಒಂದು ಕಾರ್ಖಾನೆಯ ಎಚ್.ಆರ್. ವಿಭಾಗದಲ್ಲಿದ್ದರು. ಜನರನ್ನು ಕೆಲಸಕ್ಕೆ ಸೇರಿಸಿಕೊಳ್ಳುವುದು ತಮ್ಮ ಕೆಲಸ ಅಂದುಕೊಂಡು ಸೇರಿದವರು ಪಾಪ! ಇವರ ಮೆತ್ತಗಿನ ದನಿ ಕೇಳಿದ್ದೇ ತಡ, ಜನರನ್ನು ತೆಗೆಯುವ ಕೆಲಸವನ್ನೂ ಮೇಲಿನವರು ಇವರ ತಲೆಗೇ ಕಟ್ಟಿದರು. ಅದಕ್ಕೆ ಭಾವ ಒಂದು ಕ್ರಮ ಮಾಡಿಕೊಂಡರು. ಮೊದಲು ಚಹಾ, ಆಮೇಲೆ ಬಿಸ್ಕತ್ತು, ಆಮೇಲೆ ಊರಿನ ಸಮಾಚಾರ, ತಾಯಿಯ ಮಂಡಿನೋವು, ಮಕ್ಕಳ ಓದು. ಕೊನೆಗೆ, "ಬರುವ ತಿಂಗಳಿಂದ ನೀವು ಬರುವುದು ಬೇಡ." ಇವರು ಚಹಾಕ್ಕೆ ಕರೆದರೆ ಗಟ್ಟಿಮುಟ್ಟಾದ ಗಂಡಸರ ಕೈಕಾಲೂ ತಣ್ಣಗಾಗುತ್ತಿತ್ತಂತೆ!

ಹೊರಗೂ ಅದೇ ಚಾಳಿ. ಒಂದು ಭಾನುವಾರ ಸಯನ್‌ನ ನಮ್ಮ ಮನೆಗೆ ಪೊಟ್ಟಣದೊಂದಿಗೆ ಬಂದರು. ನನ್ನ ಆರೋಗ್ಯ ವಿಚಾರಿಸಿದರು, ಗಂಡನ ಬಿ.ಪಿ. ವಿಚಾರಿಸಿದರು, ನಿಟ್ಟುಸಿರು ಬಿಟ್ಟರು. ನನ್ನ ಜೀವ ಬಾಯಿಗೆ ಬಂತು.

"ಅಕ್ಕನಿಗೆ ಎಂತಾದ್ರೂ ಆಯ್ತಾ ಭಾವ?"

"ಛೆ, ಇಲ್ಲ. ನಿನ್ನ ಕೊಡೆ ಕೊಂಡುಹೋಗಿದ್ದೆನಲ್ಲ, ಅದು ಲೋಕಲ್ ಟ್ರೈನಿನಲ್ಲೇ ಬಾಕಿಯಾಯ್ತು, ಮರೆತು ಇಳಿದೆ."

ಕೊಡೆ! ಒಂದು ಕೊಡೆಗಾಗಿ ನನ್ನ ಅರ್ಧ ಆಯುಷ್ಯ ಹೋಯಿತು.

ಇಂಥವರು ಒಂದು ದಿನ ಕೆಲಸ ಬಿಡುತ್ತೇನೆ ಎಂದರು. ಅವರ ಸೋದರಮಾವನಿಗೆ ನಮ್ಮ ಸಯನ್ ಸ್ಟೇಷನ್ ಹತ್ತಿರ ಹೋಟೆಲುಂಟು. ವಯಸ್ಸಾಯಿತು, ನೀನು ಬಂದು ನೋಡಿಕೋ ಎಂದು ಆ ಮಾವ ಕರೆಯುತ್ತಲೇ ಇದ್ದರು. ಬೇರೆಯವರಾದರೆ ರಾಜೀನಾಮೆ ಬಿಸಾಡಿ ಬರುತ್ತಿದ್ದರು. ನಮ್ಮ ಭಾವ? ತಮ್ಮನ್ನು ತಾವೇ ಇಂಟರ್‌ವ್ಯೂ ಮಾಡಿಸಿಕೊಂಡರು! ಚೆಂಬೂರಿನ ಅವರದೇ ಮನೆಯಲ್ಲಿ, ಊಟದ ಮೇಜಿನ ಮುಂದೆ ಅಕ್ಕ ಮತ್ತು ನಾನು ಪರೀಕ್ಷಕರು. ಅವರು ಟೈ ಕಟ್ಟಿಕೊಂಡು ಹೊರಗೆ ಹೋಗಿ ಬೆಲ್ ಒತ್ತಿ ಒಳಗೆ ಬಂದರು.

"ಕೂತ್ಕೊಳ್ಳಿ. ಈ ಬೀನ್ಸಿನ ನಾರು ತೆಗೀತಾ ಮಾತಾಡಿ," ಎಂದಳು ಅಕ್ಕ. "ಹೋಟೆಲಿನ ಅನುಭವ ಎಂತ ಉಂಟು?"

"ತಿಂದ ಅನುಭವ ಉಂಟು."

"ಹಳೇ ಕೆಲಸ ಯಾಕೆ ಬಿಡುವುದು?"

ಭಾವನ ಕೈಯಲ್ಲಿದ್ದ ಬೀನ್ಸ್ ಅಲ್ಲೇ ನಿಂತಿತು. "ನಾನು ಕ್ಯಾಂಟೀನಿಗೆ ಹೋದ್ರೆ ಜನ ತಟ್ಟೆ ಹಿಡ್ಕೊಂಡು ಎದ್ದು ಹೋಗ್ತಾರೆ. ಎಷ್ಟೋ ವರ್ಷ ಆಯ್ತು, ಒಬ್ಬನೇ ಊಟ ಮಾಡುವುದು. ಗಂಟಲಲ್ಲಿ ಇಳಿಯುವುದಿಲ್ಲ ಮಾರಾಯ್ತಿ."

ಅಕ್ಕ ಮುಖ ಆಚೆ ತಿರುಗಿಸಿ, "ಸೆಲೆಕ್ಟ್ ಆಗಿದ್ದೀರಿ, ನಾಳೆಯೇ ಬಿಡಿ," ಎಂದಳು. ಅಷ್ಟು ಸುಲಭವೇ? "ಪ್ರೊಬೇಷನ್ ಬೇಡವಾ?" ಎಂದರು ಭಾವ. ರಜೆಯ ದಿನಗಳಲ್ಲೆಲ್ಲ ಹೋಟೆಲಿಗೆ ಹೋಗತೊಡಗಿದರು.

ಮೊದಲ ದಿನವೇ ಮಸಾಲೆ ದೋಸೆ ಖಾಲಿಯಾಯಿತು. ಗಿರಾಕಿಗೆ ಹೇಳಬೇಕಲ್ಲ! ಭಾವ ಅವನ ಎದುರು ಕುಳಿತು, ನೀರಿನ ಲೋಟ ಸರಿಸಿ, "ಮನೆಯಲ್ಲಿ ಎಲ್ಲರೂ ಸೌಖ್ಯವಾ?" ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಅವನು ಗಾಬರಿಯಾಗಿ ಮನೆಗೆ ಫೋನ್ ಮಾಡಿದ! ಗಲ್ಲಾದಲ್ಲಿದ್ದ ಮಾವ ಕೂಗಿದರು, "ದೋಸೆ ಖಾಲಿ ಅಂತ ಹೇಳು ಮಾರಾಯ! ಇದೇನು ಸೂತಕದ ಮನೆಯಾ?"

ಅಂತೂ ಭಾವ ಪಾಸಾದರು, ಕಾರ್ಖಾನೆ ಬಿಟ್ಟರು. ಕೊನೆಯ ದಿನ ಅಲ್ಲಿ ಇವರಿಗೇ ಚಹಾ ಕೊಟ್ಟಾಗ ಅಭ್ಯಾಸಬಲದಿಂದ ಇವರೇ ಬೆವರಿದರಂತೆ! ಅಕ್ಕನೂ ನಾನೂ ನೆಮ್ಮದಿಯ ಉಸಿರು ಬಿಟ್ಟೆವು.

ಮೊನ್ನೆ ಮಧ್ಯಾಹ್ನ ನಾನು ಆ ಹೋಟೆಲಿನಲ್ಲಿದ್ದೆ. ಗ್ರೈಂಡರ್ ರಿಪೇರಿಗೆ ಬಂದ ಒಬ್ಬರು ಕೆಲಸ ಮುಗಿಸಿ ಕೈ ತೊಳೆದುಕೊಂಡು ಬಂದರು. ಕಲಬುರಗಿ ಕಡೆಯ ಮುಸ್ಲಿಂ ಹಿರಿಯರು. ಭಾವ ಚಹಾ ಹಿಡಿದು ಎದುರಿಗೆ ಹೋದವರು ಹಾಗೇ ನಿಂತುಬಿಟ್ಟರು. ಭಾವ ಕಾರ್ಖಾನೆಯಿಂದ ತೆಗೆದವರಲ್ಲಿ ಅವರೂ ಒಬ್ಬರು!

ಆ ಹಿರಿಯರು ಚಹಾ ನೋಡಿದರು, ಭಾವನನ್ನು ನೋಡಿದರು. "ಈಗ ಎಲ್ಲಿಂದ ತೆಗಿತೀರಿ ಸಾಹೇಬ್ರ?"

ನನಗೆ ನಗು ಬಂತು. ಭಾವನಿಗೆ ಬರಲಿಲ್ಲ. ಚಹಾವನ್ನು ಮೇಜಿನ ಮೇಲಿಟ್ಟರು. ಕೊನೆಗೆ, "ನಿಮ್ಮ ಊಟ ಆಯ್ತಾ?" ಎಂದಷ್ಟೇ ಕೇಳಿದರು.

"ಇಲ್ರಿ. ನಿಮ್ದು?"

"ನನ್ನದೂ ಆಗಲಿಲ್ಲ."

ಹಿರಿಯರು ಬೆಂಚಿನ ಮೇಲೆ ಸರಿದು ಜಾಗ ಮಾಡಿದರು. "ಅವತ್ತ ನನಗಿಂತ ಹೆಚ್ಚ ನಿಮ್ಮ ಕೈ ನಡಗತಿತ್ತರಿ. ನಾ ನೋಡೀನಿ. ಬರ್ರಿ, ಕೂಡಿ ಉಣ್ಣೋಣು."

ನನ್ನ ಕಣ್ಣು ತುಂಬಿತು. ಭಾವ ಅವರ ಪಕ್ಕದಲ್ಲಿ ಕುಳಿತು, ಮಾವನಿಗೆ ಕೇಳುವ ಹಾಗೆ ಗಟ್ಟಿಯಾಗಿ ಕೂಗಿದರು, "ಎರಡು ಊಟ!"