ಉಗಿರಾಯನ ಪದವಿ ಪ್ರಬಂಧ

ಹದಿನೆಂಟು ವರ್ಷ ಬಾಯ್ಲರಿನ ಮುಂದೆ ಬೆಂದವನ ತಲೆಯ ಮೇಲೆ, ಬಾಯ್ಲರು ಬಿಸಿಯಾಗಿದೆಯೇ ಎಂದು ಮುಟ್ಟಿ ನೋಡಿ ಬೆರಳು ಸುಟ್ಟುಕೊಂಡವನನ್ನು ಮ್ಯಾನೇಜರನೆಂದು ತಂದು ಕೂರಿಸಿದರೆ ಯಾರ ಹೊಟ್ಟೆ ತಾನೆ ಉರಿಯುವುದಿಲ್ಲ? ರಟ್ಟಿನ ಕಾರ್ಖಾನೆಯ ಬಾಯ್ಲರ್ ಎಂಜಿನಿಯರ್ ಉಗಿರಾಯನ (ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು) ಹೊಟ್ಟೆಯೂ ಉರಿಯಿತು. ಆ ಎಳೆಯ ಮ್ಯಾನೇಜರನ ಬಳಿ ಇದ್ದದ್ದು ಎಂಜಿನಿಯರಿಂಗ್ ಮ್ಯಾನೇಜ್‌ಮೆಂಟ್ ಪದವಿ. ಇನ್ನೆರಡು ವರ್ಷಕ್ಕೆ ಅವನು ಮುಖ್ಯ ಕಚೇರಿಗೆ ಹೋಗುತ್ತಾನೆ, ಪದವಿ ಇದ್ದವರಿಗೆ ಆ ಕುರ್ಚಿ ಎಂದು ಸುದ್ದಿ ಹಬ್ಬಿತು. ನಲವತ್ತಾರನೆಯ ವಯಸ್ಸಿನಲ್ಲಿ ಉಗಿರಾಯ ಭಾನುವಾರದ ಕಾಲೇಜಿಗೆ ಸೇರಿದ.

ಹೆಂಡತಿ ಅದೇ ಕಾರ್ಖಾನೆಯ ಅಂಟಿನ ವಿಭಾಗದವಳು, ಕಾರ್ಮಿಕ ಸಂಘದ ಮುಂದಾಳು. ಗಂಡನೇ ಮ್ಯಾನೇಜರನಾದರೆ ತಾನು ಯಾರಿಗೆ ಧಿಕ್ಕಾರ ಕೂಗುವುದು ಎಂದು ಕೇಳಿದಳು. ಮನೆಯಲ್ಲಿ ದಿನಾ ಕೂಗಿ ನಿನ್ನ ಗಂಟಲು ಪಳಗಿದೆ, ಚಿಂತೆ ಬೇಡ ಎಂದ ಅವನು. ಮಾತು ಏನೇ ಇರಲಿ, ಎರಡು ವರ್ಷ ಭಾನುವಾರದ ಬಟ್ಟೆಯ ರಾಶಿ, ಮಾವನ ಆಸ್ಪತ್ರೆ, ಸೋರುವ ನಲ್ಲಿ ಎಲ್ಲವನ್ನೂ ಅವಳೇ ಹೊತ್ತಳು. ಬೆಳಗ್ಗೆ ಅವನು ಅಡುಗೆಕಟ್ಟೆಯ ಮೇಲೆ ಪುಸ್ತಕ ಹರಡಿಕೊಂಡು 'ಸಂಪನ್ಮೂಲಗಳ ಸಮರ್ಪಕ ವಿನಿಯೋಗ' ಎಂದು ಜಪಿಸುತ್ತಿದ್ದರೆ, ಅವಳು ಆ ಪುಸ್ತಕದ ಅಂಚಿನಲ್ಲಿ ಸಿಕ್ಕ ಗೇಣು ಜಾಗದಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಕಣ್ಣೀರು ಮಾತ್ರ ಇಬ್ಬರಿಗೂ ಸಮಪಾಲು.

ಕೊನೆಗೆ ಪ್ರಬಂಧ ಬರೆಯುವ ಕಾಲ ಬಂತು. ದುಡಿಯುವ ಜಾಗದ ಒಂದು ಅಪಾಯವನ್ನು ಹುಡುಕಿ ಪರಿಹಾರ ಸೂಚಿಸಬೇಕು. ಉಗಿರಾಯನಿಗೆ ಕಂಡ ಮಹಾ ಅಪಾಯವೆಂದರೆ ಸ್ವತಃ ಉಗಿರಾಯನೇ. ಆ ಮುದಿ ಬಾಯ್ಲರಿಗೆ ಎಷ್ಟು ತೇಪೆ ಬಿದ್ದಿತ್ತೆಂದರೆ, ಅದನ್ನು ತಯಾರಿಸಿದ ಕಂಪನಿ ಕೊಟ್ಟ ಪುಸ್ತಕ ನೋಡಿ ಹಚ್ಚಿದರೆ ಅದು ಕೆಮ್ಮಿ ಮಲಗುತ್ತಿತ್ತು. ಯಾವ ವಾಲ್ವನ್ನು ಮೊದಲು ತಿರುಗಿಸಬೇಕು, ಕೊಳವೆಯ ನರಳಾಟ ಎಷ್ಟಕ್ಕೆ ಇಳಿದಾಗ ನೀರು ಬಿಡಬೇಕು ಎಂಬುದು ಅವನಿಗೂ ಇಬ್ಬರು ಬೆಂಕಿಯಾಳುಗಳಿಗೂ ಮಾತ್ರ ಗೊತ್ತು. ಅದನ್ನು ಯಾರೂ ಎಂದೂ ಬರೆದಿಡಬಾರದು ಎಂಬುದು ಹಿಂದಿನ ಬಾಯ್ಲರಿನವರಿಂದ ಬಂದ ಕಟ್ಟಳೆ. ಮುಷ್ಕರವಾದಾಗ ಬೆಂಕಿಯಾಳುಗಳು ಹೊರಗೆ ಕೂರುತ್ತಿದ್ದರು, ಉಗಿರಾಯನಿಗೆ ಹೆಂಡತಿಯ ಅಪ್ಪಣೆಯಂತೆ ಹೊಟ್ಟೆನೋವು ಬರುತ್ತಿತ್ತು, ಬಾಯ್ಲರು ತಣ್ಣಗಾಗುತ್ತಿತ್ತು, ಮೂರನೆಯ ದಿನಕ್ಕೆ ಧಣಿ ಮೆತ್ತಗಾಗುತ್ತಿದ್ದ.

"ರೀ, ಬೇರೆ ಏನಾದ್ರೂ ಬರೀರಿ. ಅದೊಂದು ಬೇಡ," ಎಂದಳು ಹೆಂಡತಿ.

"ಕಾಲೇಜಿನ ಕಪಾಟಲ್ಲಿ ಧೂಳು ತಿನ್ನೋ ಪುಸ್ತಕ ಕಣೇ. ಯಾರು ಓದ್ತಾರೆ?"

"ಯಾರೂ ಓದಲ್ಲ ಅಂದ್ರೆ ಸುಳ್ಳು ಬರೀರಿ."

ಸುಳ್ಳು ಬರೆಯಲು ಅವನ ಕಸುಬಿನ ಜಂಬ ಬಿಡಬೇಕಲ್ಲ? ಚಿತ್ರ ಸಮೇತ, ಮಗುವಿಗೂ ತಿಳಿಯುವಂತೆ, ಅರವತ್ತು ಪುಟ ಬರೆದ. ನಿಯಮದ ಪ್ರಕಾರ ಕಂಪನಿಯ ರುಜು ಬೇಕಿತ್ತು, ಒಂದು ಪ್ರತಿ ಮ್ಯಾನೇಜರನ ಮೇಜಿಗೆ ಹೋಯಿತು. ಪ್ರಥಮ ದರ್ಜೆಯೂ ಬಂತು.

ಅದಾಗಿ ಹದಿನೈದು ದಿನಕ್ಕೆ ಮುಷ್ಕರ. ಅಂಟಿನ ಕೋಣೆಗೆ ಕಿಟಕಿಯಿರಲಿಲ್ಲ. ಆ ಘಾಟಿಗೆ ಹೆಂಗಸರು ಕೆಮ್ಮಿ ಕೆಮ್ಮಿ ರಕ್ತ ಉಗುಳುತ್ತಿದ್ದರು. ಕಿಟಕಿ ಒಡೆಯಿರಿ, ಗಾಳಿಯ ಫ್ಯಾನು ಹಾಕಿ, ಇಷ್ಟೇ ಬೇಡಿಕೆ. ಉಗಿರಾಯ ವಾಡಿಕೆಯಂತೆ ಹೊಟ್ಟೆ ಹಿಡಿದುಕೊಂಡು ಮಲಗಿದ. ಈ ಸಲ ಅವನ ಲೆಕ್ಕಾಚಾರ ದೊಡ್ಡದು: ಕಂಪನಿ ಕೈಮುಗಿದು ಬರುತ್ತದೆ, ತಾನು ಕುರ್ಚಿಯನ್ನೂ ಕೇಳುವುದು, ಕಿಟಕಿಯನ್ನೂ ಕೊಡಿಸುವುದು.

ಎರಡನೆಯ ದಿನ ಹತ್ತು ಗಂಟೆಗೆ ಮಹಡಿ ಹತ್ತಿ ನೋಡಿದರೆ ಚಿಮಣಿಯಲ್ಲಿ ಹೊಗೆ. ಅದೂ ಕಪ್ಪು ಹೊಗೆಯಲ್ಲ, ಅವನೇ ಹಚ್ಚಿದಂಥ ತೆಳು ಬೂದಿ ಬಣ್ಣದ ಹೊಗೆ. ಫೋನ್ ಮಾಡಿದ.

"ಆರಾಮಾಗಿ ಮಲಕ್ಕೊಳ್ಳಿ ಸರ್," ಎಂದ ಮ್ಯಾನೇಜರ್. "ಒಬ್ಬನನ್ನೇ ನೆಚ್ಚಿಕೊಳ್ಳೋದು ಅಪಾಯ ಅಂತ ಎಷ್ಟು ಚೆನ್ನಾಗಿ ಬರೆದಿದ್ದೀರಿ. ಉಗ್ರಾಣದ ಗುಮಾಸ್ತ ಓದ್ಕೊಂಡೇ ಹಚ್ಚಿಬಿಟ್ಟ."

ಐದನೆಯ ದಿನ ಮುಷ್ಕರ ಮುರಿಯಿತು. ಸಂಜೆ ಹೆಂಡತಿ ಬಂದು ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಒಂದು ಹಾಳೆಯನ್ನು ಅವನ ಮುಂದೆ ಇಟ್ಟಳು. ಅವನ ಪ್ರಬಂಧದ ಮೊದಲ ಪುಟ.

"ಗೇಟಿನ ಹತ್ರ ಮ್ಯಾನೇಜರ್ರು ಮೈಕಲ್ಲಿ ಓದಿದ್ರು. ಮುನ್ನೂರು ಜನ ಕೇಳಿದ್ರು. 'ಈ ಕಾರ್ಯದ ಪ್ರತಿ ಹೆಜ್ಜೆಯಲ್ಲೂ ಬೆನ್ನಿಗೆ ನಿಂತ ನನ್ನ ಸಹಧರ್ಮಿಣಿಗೆ ಋಣಿ.' ಅದೊಂದು ಸುಳ್ಳನ್ನಾದ್ರೂ ಬರೀದೆ ಇರಬಹುದಿತ್ತು."

ಅದು ಸುಳ್ಳಲ್ಲ ಎಂಬುದೇ ಇಬ್ಬರಿಗೂ ಸಂಕಟ. ಉಗಿರಾಯ ಹಾಳೆಯನ್ನು ಮಡಚಿಟ್ಟ. ಆಮೇಲೆ, ಆಸೆ ಎಂಬುದಕ್ಕೆ ಮಾನ ಎಲ್ಲಿದೆ, ಕುರ್ಚಿಯ ವಿಷಯ ಏನಾದರೂ ಅಂದರೇ ಎಂದು ಮೆಲ್ಲಗೆ ಕೇಳಿದ.

"ಅಂದ್ರು. ಗುಮಾಸ್ತನಿಗೆ ಕೊಟ್ರಂತೆ," ಎಂದಳು ಕೆಮ್ಮುತ್ತಾ. "ನೀವು ನಾಳೆ ಬೇಗ ಹೋಗ್ಬೇಕಂತೆ. ನಲವತ್ತೊಂದನೇ ಪುಟದಲ್ಲಿ ಅವನಿಗೇನೋ ಅನುಮಾನ ಇದೆಯಂತೆ."