ಡೋಣಿಯ ಬಿಸಿನೀರ ತೊಟ್ಟಿ ಮತ್ತು ಅಧಿಕೃತ ಹವೆ

ಬಿಸಿನೀರಿನ ತೊಟ್ಟಿಯಲ್ಲಿರುವ ನೀರು ಬಿಸಿಯಾಗಿರತಕ್ಕದ್ದು. ಗಿರಿತಪ್ಪಲು ಆರೋಗ್ಯ ಪ್ರವಾಸ ಮಂಡಳಿಯ ನಿಯಮಾವಳಿಯಲ್ಲಿ ಇದು ಮೊದಲನೆಯ ನಿಯಮ. ಇದರ ಬಗ್ಗೆ ಮಂಡಳಿಯಲ್ಲಿ ಎಂದೂ ಭಿನ್ನಾಭಿಪ್ರಾಯ ಬಂದಿಲ್ಲ.

ಮಂಡಳಿಯ ಅಧ್ಯಕ್ಷರು ಅಧ್ಯಯನ ಪ್ರವಾಸಕ್ಕೆಂದು ಹಿಮ ಬೀಳುವ ದೇಶವೊಂದಕ್ಕೆ ಹೋಗಿದ್ದರು. ಅಲ್ಲಿ ಜನ ಮೊಣಕಾಲುದ್ದ ಹಿಮದ ನಡುವೆ, ಬಯಲಿನಲ್ಲೇ, ಕುತ್ತಿಗೆಯವರೆಗೆ ಬಿಸಿನೀರಿನಲ್ಲಿ ಮುಳುಗಿ ಕೂತದ್ದನ್ನು ಕಂಡರು. ತಾವೂ ಕೂತರು. ಎದ್ದು ಬರುವ ಹೊತ್ತಿಗೆ ಅವರಿಗೆ ಮುಂಡರಗಿ ತಾಲೂಕಿನ ನಾಗರಿಕರ ನೆನಪಾಗಿ ಕಣ್ಣು ತುಂಬಿ ಬಂತು. ಈ ಸುಖ ನಮ್ಮವರಿಗೇಕಿಲ್ಲ ಎಂದು ಅಲ್ಲಿಂದಲೇ ಫೋನು ಮಾಡಿದರು. ಚಳಿಗಾಲದಲ್ಲಿ ಮಂಜೂರಾದ ತೊಟ್ಟಿ ಏಪ್ರಿಲಿನಲ್ಲಿ ಕಪ್ಪತಗುಡ್ಡದ ಬುಡಕ್ಕಿರುವ ಡೋಣಿಯ ವಿಶ್ರಾಂತಿಗೃಹದ ಹಿತ್ತಲಿಗೆ ಬಂದಿಳಿಯಿತು. ಮಂಡಳಿಯ ಮಟ್ಟಿಗೆ ಇದು ತೀರ ಜಲ್ದಿ. ಕಾಗದದಲ್ಲಿ ಅದರ ಹೆಸರು ಉಷ್ಣಜಲ ತೊಟ್ಟಿ. ಊರವರು ನೋಡಿ, ಎಮ್ಮಿಗೆ ನೀರು ಕುಡಿಸುವ ಬಾನಿ ಇದಕ್ಕಿಂತ ಗಟ್ಟಿ ಇರುತ್ತದೆ ಎಂದು ಹೇಳಿ ಹೋದರು.

ವಿಶ್ರಾಂತಿಗೃಹದ ಉಸ್ತುವಾರಿ ಕಾವೇರಿ. ಮುಂಡರಗಿಯ ಕಾಲೇಜಿನಲ್ಲಿ ಓದಿದವಳು, ವರ್ಷಗಳಿಂದ ಹಂಗಾಮಿ ನೌಕರಿಯಲ್ಲೇ ಇದ್ದವಳು. ಅವಳ ತಾಯಿ ಹನಮವ್ವ ಅದೇ ಮಂಡಳಿ ಗುಡ್ಡದ ಕೆಳಗೆ ತೋಡಿಸುತ್ತಿದ್ದ ವಿಹಾರದ ಕೆರೆಯಲ್ಲಿ ಮಣ್ಣು ಹೊರುತ್ತಿದ್ದಳು. ಕೆರೆಗೆ ನೀರು ಎಲ್ಲಿಂದ ಬರುತ್ತದೆ ಎಂಬುದು ಎರಡನೆಯ ಹಂತದ ವಿಷಯವಾದ್ದರಿಂದ ಸದ್ಯ ಮಣ್ಣಷ್ಟೇ ಹೊರುತ್ತಿದ್ದರು.

ಗದಗಿನ ಕಚೇರಿಯಿಂದ ಬಂದ ಮೈಲಾರಪ್ಪ ಸಾಹೇಬರು ತೊಟ್ಟಿಯ ಅಂಚಿನ ಮೇಲೆ ಕೈಯಿಟ್ಟು ಹೇಳಿದರು:

"ನೋಡವಾ ಕಾವೇರಿ, ನೀರು ನಲವತ್ತು ಡಿಗ್ರಿ ಇರಬೇಕು. ಹೆಚ್ಚೂ ಆಗಬಾರ್ದು, ಕಡಿಮೀನೂ ಆಗಬಾರ್ದು. ಅಧ್ಯಕ್ಷರು ಬಂದು ಕುಂತು, ಸೈ ಅಂದ್ರ, ನಿನ್ನ ನೌಕರಿ ಕಾಯಂ. ಆರ್ಡರು ನನ್ನ ಕಪಾಟಿನ್ಯಾಗ ತಯಾರ ಐತಿ."

ಮರುದಿನ ಮಧ್ಯಾಹ್ನ ಕಾವೇರಿ ನೀರಿಗೆ ಉಷ್ಣಮಾಪಕ ಇಳಿಬಿಟ್ಟಳು. ನಲವತ್ನಾಲ್ಕು ತೋರಿಸಿತು. ಹೀಟರನ್ನು ಇನ್ನೂ ಹಚ್ಚಿಯೇ ಇರಲಿಲ್ಲ. ಅವಳಿಗೆ ಸಂತೋಷವೇ ಆಯಿತು. ಕರೆಂಟು ಉಳಿಯಿತು, ಸ್ವಲ್ಪ ನೆರಳು ಮಾಡಿದರೆ ಮುಗಿಯಿತು ಎಂದುಕೊಂಡು ಸಾಹೇಬರಿಗೆ ಫೋನು ಹಚ್ಚಿದಳು.

"ಹೀಟರ್ ಹಚ್ಚದನ ಬಿಸಿ ಆಗೈತಿ?" ಮೈಲಾರಪ್ಪನವರು ದನಿ ತಗ್ಗಿಸಿದರು. "ಯಾರ ಮುಂದೂ ಹೇಳಬ್ಯಾಡ. ಹಂಗಾದ್ರ ಹೀಟರ್ ಯಾಕ ತಗೊಂಡ್ರಿ ಅಂತ ಕೇಳ್ತಾರ. ಮೊದಲ ಹೀಟರ್ ಹಚ್ಚು."

"ಸರ್, ಹಚ್ಚಿದ್ರ ಇನ್ನೂ ಬಿಸಿ ಆಕ್ಕೈತ್ರಿ."

"ಆಗ್ಲಿ. ಅದು ನಮ್ಮ ಬಿಸಿ. ಈಗ ಇರೂದು ಬಿಸಿಲಿಂದು."

ಈ ಮಾತು ಎರಡು ದಿನಗಳಲ್ಲಿ ಲಿಖಿತವಾಗಿ ಬಂತು. ಸೂರ್ಯನಿಂದ ಒದಗುವ ಉಷ್ಣವನ್ನು ಮಂಡಳಿಯ ಉಷ್ಣವೆಂದು ಪರಿಗಣಿಸತಕ್ಕದ್ದಲ್ಲ. ಹೀಟರು ಹಗಲಿಡೀ ಚಾಲನೆಯಲ್ಲಿರತಕ್ಕದ್ದು. ಮಂಜೂರಾತಿಯಲ್ಲಿ "ತೆರೆದ ಆಕಾಶದ ಕೆಳಗೆ" ಎಂದಿರುವುದರಿಂದ ಚಪ್ಪರ, ತಗಡು, ತಾಡಪತ್ರಿ ಇತ್ಯಾದಿ ಯಾವುದನ್ನೂ ಹಾಕತಕ್ಕದ್ದಲ್ಲ. ನೀರನ್ನು ನಲವತ್ತಕ್ಕೆ ಇಳಿಸುವ ಕ್ರಮವನ್ನು ಉಸ್ತುವಾರಿಯವರ ವಿವೇಚನೆಗೆ ಬಿಡಲಾಗಿತ್ತು.

ಕಾವೇರಿಯ ವಿವೇಚನೆ ಮುಂಡರಗಿಯ ಯಮನೂರಸಾಬನ ಬರ್ಫದ ಅಂಗಡಿಯವರೆಗೆ ಹೋಯಿತು. ಆತ ಗೋಣಿಚೀಲದಲ್ಲಿ ಸುತ್ತಿದ ಬರ್ಫದ ಗಡ್ಡೆಗಳನ್ನು ಟಂಟಂ ಗಾಡಿಯಲ್ಲಿ ತಂದು, ಒಂದೊಂದನ್ನೇ ತೊಟ್ಟಿಗೆ ಇಳಿಸಿದ. ಮೇಲಿಂದ ಹೊಗೆ, ಕೆಳಗಿಂದ ಗುಳುಗುಳು. ಆತ ಹೊತ್ತು ಹೋಗುವಷ್ಟು ನಿಂತು ನೋಡಿದ.

"ತಂಗೆವ್ವಾ, ತಪ್ಪ ತಿಳೀಬ್ಯಾಡ. ಕೆಳಗ ಉರಿ ಹಚ್ಚೀರಿ, ಮ್ಯಾಲ ಬರ್ಫ ಒಗ್ಯಾಕತ್ತೀರಿ. ಆ ಉರಿ ಒಂದು ಆರಿಸಿದ್ರ ಅರ್ಧಾ ಬರ್ಫ ಸಾಕಾಗೂದಿಲ್ಲೇನು?"

"ಸಾಕಾಕ್ಕೈತಿ ಕಾಕಾ. ಆದ್ರ ಅದು ನಿಯಮದಾಗ ಇಲ್ಲ."

"ಆತ ಬಿಡು," ಎಂದ ಯಮನೂರಸಾಬ. ಬರ್ಫ ಮಾರುವವನಿಗೆ ಆ ನಿಯಮವನ್ನು ವಿರೋಧಿಸಲು ಕಾರಣ ಹೊಳೆಯಲಿಲ್ಲ. ಆ ವಾರ ಮುಂಡರಗಿಯ ಲಗ್ನಗಳಲ್ಲಿ ಬೀಗರು ಬೆಚ್ಚಗಿನ ಶರಬತ್ತು ಕುಡಿದರು. ಡೋಣಿಯ ತೊಟ್ಟಿಯಲ್ಲಿ ಮಾತ್ರ ನೀರು ನಲವತ್ತರ ಮೇಲೆ ಅಲುಗಾಡದೆ ನಿಂತಿತ್ತು.

ಅಧ್ಯಕ್ಷರು ಮಟಮಟ ಮಧ್ಯಾಹ್ನ ಬಂದರು. ಬೇವಿನ ಗಿಡಕ್ಕೆ ತೂಗುಹಾಕಿದ್ದ ಮಾಪಕದಲ್ಲಿ ಹೊರಗಿನ ಹವೆ ನಲವತ್ಮೂರಿತ್ತು. ರಿಬ್ಬನ್ನು ಕತ್ತರಿಸಿ, ಹಾರ ತೆಗೆದಿಟ್ಟು, ಪಟ್ಟಾಪಟ್ಟಿ ಚಡ್ಡಿಯಲ್ಲಿ ನೀರಿಗಿಳಿದರು. ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದರು.

"ಮೈಲಾರಪ್ಪ," ಎಂದರು ಅಧ್ಯಕ್ಷರು ಕಣ್ಣು ಮುಚ್ಚಿಯೇ. "ಇದು ತಂಪೈತಲ್ಲೋ."

"ನಲವತ್ತು ಐತ್ರಿ ಸರ್!"

"ನಾ ಅಲ್ಲಿ ಕುಂತಾಗ ಮಾರಿಗೆ ಚಳಿ ಬಡೀತಿತ್ತು, ಮೈಗೆ ಬಿಸಿ ಹತ್ತತಿತ್ತು. ಇಲ್ಲಿ ಮಾರಿ ಉರಿಯಾಕತ್ತೈತಿ, ಮೈ ತಂಪಾಗೈತಿ. ತೊಟ್ಟಿ ಬೋರಲ ಕುಂದ್ರಿಸೀರೇನು?"

ಯಾರೂ ನಗಲಿಲ್ಲ. ಮಂಡಳಿಯ ಎಂಜಿನಿಯರು ಬಗ್ಗಿ ತೊಟ್ಟಿಯ ಅಡಿಯನ್ನು ಪರೀಕ್ಷಿಸಿ, ಬೋರಲಾಗಿಲ್ಲ ಎಂದು ದೃಢಪಡಿಸಿದರು. ಅಧ್ಯಕ್ಷರು ಸಂಜೆ ಬಿಸಿಲು ಇಳಿಯುವವರೆಗೂ ಆ ದೋಷಪೂರಿತ ನೀರಿನಿಂದ ಏಳಲಿಲ್ಲ. ಎದ್ದ ಮೇಲೆ ತೀವ್ರ ಅಸಮಾಧಾನ ವ್ಯಕ್ತಪಡಿಸಿ ಹೋದರು.

ಗದಗಿನಲ್ಲಿ ಸಭೆ ಕೂಡಿತು. ಬಿಸಿ ಎಂದರೇನು ಎಂಬ ಪ್ರಶ್ನೆ ಮಂಡಳಿಯ ಮುಂದೆ ಮೊದಲ ಸಲ ಬಂದಿತ್ತು. ಚಹಾ ಬಂದು ಆರುವವರೆಗೆ ಚರ್ಚೆ ನಡೆದು, ಸುತ್ತಲಿನ ಗಾಳಿಗಿಂತ ಕನಿಷ್ಠ ಹತ್ತು ಡಿಗ್ರಿ ಹೆಚ್ಚಿರುವ ನೀರನ್ನು ಮಾತ್ರ ಬಿಸಿನೀರೆಂದು ಕರೆಯತಕ್ಕದ್ದು ಎಂದು ಠರಾವಾಯಿತು. ಆ ಪ್ರಕಾರ ಕಾವೇರಿ ಬರ್ಫ ನಿಲ್ಲಿಸಿ ಹೀಟರನ್ನು ಪೂರ್ತಿ ತಿರುವಿದಳು. ನೀರು ಐವತ್ಮೂರಕ್ಕೆ ಬಂದಾಗ ಬೆರಳು ಅದ್ದಿ ನೋಡಿದಳು. ಬೆರಳಿಗೆ ಬೊಬ್ಬೆ ಎದ್ದಿತು.

"ಸರ್, ಇದರಾಗ ಮನಷ್ಯಾರು ಕುಂದ್ರಾಕ ಬರೂದಿಲ್ರಿ. ತತ್ತಿ ಇಟ್ರ ಬೆಂದು ಹೊಕ್ಕಾವು," ಎಂದು ಗದಗಿಗೇ ಹೋಗಿ ಹೇಳಿದಳು.

ಮೈಲಾರಪ್ಪನವರು ಅವಳ ಬೆರಳನ್ನು ನೋಡಿದರು. ಕೆಟ್ಟ ಮನುಷ್ಯನಲ್ಲ; ಡ್ರಾವರಿನಿಂದ ಮುಲಾಮು ತೆಗೆದುಕೊಟ್ಟರು. ಆಮೇಲೆ ಕಿಟಕಿಯ ಆಚೆ ನೋಡುತ್ತ ಕೂತು ಕೇಳಿದರು:

"ನೀರು ಏರಸಾಕ ಬರೂದಿಲ್ಲ ಅಂದ್ರ ಹವಾ ಇಳಸಬೇಕು. ನೀರು ಮಂಡಳೀದು. ಗಾಳಿ ಯಾರದು?"

"ಯಾರದೂ ಅಲ್ರಿ."

"ಮತ್ತ ಹೇಳ್ತೀ! ಯಾರದೂ ಅಲ್ಲಂದ್ರ ಕೇಳಾವ್ರೂ ಯಾರೂ ಇಲ್ಲ."

ಪ್ರಕಟಣೆ ಹೀಗಿತ್ತು: "ಸಾರ್ವಜನಿಕರ ಗಮನಕ್ಕೆ ತರುವುದೇನೆಂದರೆ, ಡೋಣಿ ವಿಶ್ರಾಂತಿಗೃಹದ ಪರಿಸರದ ಅಧಿಕೃತ ಹವೆಯನ್ನು ಇಪ್ಪತ್ತಾರು ಡಿಗ್ರಿಗೆ ನಿಗದಿಪಡಿಸಲಾಗಿದೆ. ಇದು ಮುಂದಿನ ಆದೇಶದವರೆಗೆ ಜಾರಿಯಲ್ಲಿರುತ್ತದೆ. ಇದಕ್ಕಿಂತ ಹೆಚ್ಚಿನ ಸೆಕೆ ಅನುಭವಕ್ಕೆ ಬಂದಲ್ಲಿ ಅದನ್ನು ವೈಯಕ್ತಿಕವೆಂದು ಭಾವಿಸತಕ್ಕದ್ದು." ಬೇವಿನ ಗಿಡದ ಮಾಪಕವನ್ನು ದುರಸ್ತಿಗೆಂದು ಗದಗಿಗೆ ಒಯ್ದರು. ಅದರ ಜಾಗದಲ್ಲಿ ಕರಿಹಲಗೆ ತೂಗುಹಾಕಿದರು. ಪ್ರತಿದಿನ ಬೆಳಿಗ್ಗೆ ಅದರ ಮೇಲೆ ಇಪ್ಪತ್ತಾರು ಎಂದು ಬರೆಯುವುದು ಕಾವೇರಿಯ ಕೆಲಸ. ಮೊದಲ ದಿನ ಸುಣ್ಣದ ಕಡ್ಡಿ ಬೆವರಿಗೆ ಕೈಯಿಂದ ಜಾರಿತು. ಇಷ್ಟೇ ತಾನೇ, ಯಾರಿಗೇನು ಹೋಗುವುದು, ಎಂದುಕೊಂಡು ಎತ್ತಿಕೊಂಡು ಬರೆದಳು.

ಹವೆ ನಲವತ್ತು ದಾಟಿದರೆ ಕೆರೆಯ ಕೆಲಸಗಾರರನ್ನು ಹೊತ್ತು ಏರುವ ಮೊದಲೇ ಮನೆಗೆ ಬಿಡಬೇಕೆಂಬ ನಿಯಮವೊಂದು ಮಂಡಳಿಯಲ್ಲಿತ್ತು. ಮೇಸ್ತ್ರಿ ಕರಿಹಲಗೆ ನೋಡಿ ಬಂದು, ಆಳುಗಳಿಗೆ ಓದಿ ಹೇಳಿದ. ಇಪ್ಪತ್ತಾರಕ್ಕೆ ರಿಯಾಯಿತಿ ಇಲ್ಲ. ಅಂದಿನಿಂದ ಹನಮವ್ವ ಸಂಜೆಯವರೆಗೆ ಮಣ್ಣು ಹೊತ್ತಳು. ಕಾವೇರಿಗೆ ಏನೂ ಹೇಳಲಿಲ್ಲ. ಮಗಳ ಅಕ್ಷರ ಚಂದ ಇವೆ ಎಂದು ಜೊತೆಗಾರ್ತಿಯರ ಮುಂದೆ ಹೇಳಿದಳು. ನಾಲ್ಕೈದು ದಿನಕ್ಕೆ ಬುಟ್ಟಿ ಸಮೇತ ಕುಸಿದು ಬಿದ್ದಳು.

ಮಂಡಳಿಯ ಆರೋಗ್ಯ ಸಹಾಯಕಿ ಬಂದು ನಾಡಿ ಹಿಡಿದಳು. ಮೈ ಕೆಂಡದ ಹಾಗೆ ಸುಡುತ್ತಿತ್ತು, ನಾಲಿಗೆ ಒಣಗಿತ್ತು. ಇಪ್ಪತ್ತಾರು ಡಿಗ್ರಿಯಲ್ಲಿ ಬಿಸಿಲು ಬಡಿಯುವುದು ಸಾಧ್ಯವಿಲ್ಲವಾದ್ದರಿಂದ ಚಳಿಜ್ವರವೆಂದು ನಿರ್ಣಯಿಸಿ, ದಪ್ಪನೆಯ ಕೌದಿ ಹೊದಿಸಲು ಹೇಳಿ ಹೋದಳು. ಅವಳು ಹೋದದ್ದೇ ಕಾವೇರಿ ಕೌದಿ ಕಿತ್ತೆಸೆದು, ತಾಯಿಯ ಮೈಗೆ ಹಸಿ ಬಟ್ಟೆ ಸುತ್ತಿ, ಉಪ್ಪು ಹಾಕಿದ ಮಜ್ಜಿಗೆಯನ್ನು ಗುಟುಕು ಗುಟುಕಾಗಿ ಕುಡಿಸಿದಳು. ಹನಮವ್ವ ಕಣ್ಣು ತೆರೆದಾಗ ಮಗಳು ಅಳುತ್ತಿದ್ದಳು.

"ಏಳಬ್ಯಾಡ ಬೇ. ಮಲಕೋ. ನಾಳಿಂದ ಖರೆ ಹವಾ ಬರೀತೀನಿ."

"ನೌಕರಿ?"

"ಹೋದ್ರ ಹೋಗ್ಲಿ."

ಮರುದಿನ ಬೆಳಿಗ್ಗೆ ಅವಳು ಹಿಂದಿನ ಮಧ್ಯಾಹ್ನದ ಹವೆಯನ್ನು ದೊಡ್ಡ ಅಕ್ಷರದಲ್ಲಿ ನಲವತ್ಮೂರು ಎಂದು ಬರೆದಳು. ಬರೆದು ಬಾಗಿಲಲ್ಲೇ ನಿಂತಳು. ಸಾಹೇಬರು ಬರುತ್ತಾರೆ, ಬೈಯುತ್ತಾರೆ, ಬೈದರೆ ಏನು ಉತ್ತರ ಕೊಡಬೇಕೆಂದು ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದಳು. ಸಾಹೇಬರು ಬರಲಿಲ್ಲ. ಊರು ಬಂತು.

ಕಾರಣವಿತ್ತು. ಡೋಣಿಯಲ್ಲಿ ಇಪ್ಪತ್ತಾರು ಎಂಬ ಖಬರು ಮೊಬೈಲಿನಿಂದ ಮೊಬೈಲಿಗೆ ಹಾರಿ, ಗದಗ-ಬೆಟಗೇರಿಯಿಂದ, ಲಕ್ಷ್ಮೇಶ್ವರದಿಂದ, ಶಿರಹಟ್ಟಿಯಿಂದ ಜನ ತಂಪು ತಿನ್ನಲು ಹೊರಟಿದ್ದರು. ಬಸ್ಸು ಇಳಿದವರು ಕರಿಹಲಗೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ನೀರಿಳಿಯುವ ಹಣೆ ಒರೆಸಿಕೊಳ್ಳುತ್ತ, ಆಹಾ ಎನ್ನುತ್ತಿದ್ದರು. ಯಮನೂರಸಾಬ ಬರ್ಫ ಬಿಟ್ಟು ಬಿಸಿ ಚಹಾದ ಗಾಡಿ ಹಾಕಿದ್ದ. ಊರ ಹೆಂಗಸರು ಹಳೆಯ ಕೌದಿಗಳನ್ನು ಬಾಡಿಗೆಗೆ ಕೊಡುತ್ತಿದ್ದರು.

"ನಿನ್ನೀ ಮಟಾ ತಂಪಿತ್ತು. ಇವತ್ತ ಯಾಕ ಕೆಡಿಸಿದಿ?" ಎಂದ ಗಾಳೆಪ್ಪ. ಆತ ತನ್ನ ದನದ ಕೊಟ್ಟಿಗೆಯನ್ನು ಪ್ರವಾಸಿಗರಿಗೆ ಕೋಣೆ ಮಾಡಿ ಕೊಟ್ಟವನು.

"ಕಾಕಾ, ನಿನ್ನ ಅಂಗಿ ನೋಡಕೋ. ಹಿಂಡಿದ್ರ ಕೊಡಾ ತುಂಬತೈತಿ."

"ಅದು ನನ್ನ ವೈಯಕ್ತಿಕ ಸೆಕಿ," ಎಂದ ಗಾಳೆಪ್ಪ ಗಂಭೀರವಾಗಿ. "ಊರಿಂದು ಬ್ಯಾರೆ."

"ನಮ್ಮವ್ವ ಸಾಯ್ತಿದ್ಲು!"

ಗಾಳೆಪ್ಪ ಅಂಗಿಯ ತುದಿ ಹಿಂಡಿಕೊಂಡ. ಆಮೇಲೆ ಯಮನೂರಸಾಬ ಮೆತ್ತಗೆ ಹೇಳಿದ: "ನಿಮ್ಮವ್ವಗ ಮಣ್ಣು ಹೊರೂದು ಬಿಡಸು, ತಂಗೆವ್ವಾ. ನೆರಳಿನ್ಯಾಗ ಕುಂತು ಕೌದಿ ಕೊಡ್ಲಿ."

ಜನರ ಹಿಂದೆ ಹನಮವ್ವ ಗೋಡೆ ಹಿಡಿದು ನಿಂತಿದ್ದಳು. ನಿಧಾನಕ್ಕೆ ಬಂದು, ಸೆರಗಿನಿಂದ ಕರಿಹಲಗೆ ಒರೆಸಿದಳು. ಓದು ಬರಹ ಬಾರದವಳಾದ್ದರಿಂದ ಸುಣ್ಣದ ಕಡ್ಡಿಯನ್ನು ಮಗಳ ಕೈಗೆ ಕೊಟ್ಟಳು.

"ಬರಿಯವ್ವಾ. ಮಂದಿ ದೂರದಿಂದ ಬಂದಾರ. ಎರಡು ಕಡಿಮೀನ ಬರಿ."

ಕಾವೇರಿ ತಾಯಿಯ ಮುಖವನ್ನು ನೋಡಿದಳು. ಬಿರಿದ ತುಟಿ ನಗುತ್ತಿತ್ತು. ಇಪ್ಪತ್ನಾಲ್ಕು ಎಂದು ಬರೆದಳು. ಚಪ್ಪಾಳೆ ಬಿತ್ತು. ಕೆರೆಯಲ್ಲಿ ಉಳಿದವರು ಅಂದೂ ಸಂಜೆಯವರೆಗೆ ಮಣ್ಣು ಹೊತ್ತರು.

ಮೇ ತಿಂಗಳ ನಡುವೆ ಅಧ್ಯಕ್ಷರು ಎರಡನೆಯ ಪರಿಶೀಲನೆಗೆ ಬಂದರು. ಅಧಿಕೃತ ಹವೆಗೆ ಅನುಗುಣವಾದ ಉಡುಪಿನಲ್ಲಿ ಹಾಜರಿರಬೇಕೆಂದು ಮುಂಚಿತವಾಗಿ ಸುತ್ತೋಲೆ ಬಂದಿತ್ತು. ಮೈಲಾರಪ್ಪನವರು ಉಣ್ಣೆಯ ಸ್ವೆಟರು, ಎಂಜಿನಿಯರು ಮಂಗಟೋಪಿ, ಮೇಸ್ತ್ರಿ ಮಫ್ಲರು ಹಾಕಿಕೊಂಡು ಸಾಲಾಗಿ ನಿಂತಿದ್ದರು. ಕಾವೇರಿಗೆ ತಾಯಿ ಒಂದು ಕೌದಿ ಹೊದಿಸಿದ್ದಳು, ಬಾಡಿಗೆಯಿಲ್ಲದೆ. ಅಧ್ಯಕ್ಷರು ಮತ್ತೆ ಬರ್ಫ ತರಿಸಿ ನಲವತ್ತಕ್ಕೆ ಇಳಿಸಿದ್ದ ನೀರಿಗಿಳಿದು, ಕರಿಹಲಗೆ ನೋಡಿ, ಸುತ್ತ ನಿಂತವರನ್ನು ನೋಡಿ, ಕಣ್ಣು ಮುಚ್ಚಿದರು.

"ಹಾಂ," ಎಂದರು. "ಈಗ ಬಿಸಿ ಆತು ನೋಡ."

ಮೈಲಾರಪ್ಪನವರು ಅಲ್ಲೇ ಜೇಬಿನಿಂದ ಆರ್ಡರು ತೆಗೆದು ಕೊಟ್ಟರು. ಅವರ ಮೂಗಿನ ತುದಿಯಿಂದ ಇಳಿದ ಬೆವರು ಅದರ ಮೇಲೆ ಬಿದ್ದು, ಕಾಯಂ ಎಂಬ ಮಾತಿನ ಮೇಲೆ ಹರಡಿತು. ಓದಲು ತೊಂದರೆಯೇನೂ ಆಗಲಿಲ್ಲ.

"ಚಳಿ ಹೆಂಗೈತೆವಾ ಕಾವೇರಿ?" ಎಂದು ನೀರಿನೊಳಗಿಂದ ಅಧ್ಯಕ್ಷರು ಪ್ರೀತಿಯಿಂದ ಕೇಳಿದರು.

"ಭಾಳ ಐತ್ರಿ ಸರ್," ಎಂದು ಹೇಳಿ ಅವಳು ಕೌದಿಯನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡಳು. ಹಾಗೆ ಎಳೆದುಕೊಳ್ಳುವಾಗ ಅವಳ ಹಲ್ಲು ಕಟಕಟ ಅಂದದ್ದನ್ನು ಸಾಲಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು, ಮತ್ತು ಒಬ್ಬೊಬ್ಬರಾಗಿ ತಾವೂ ನಡುಗತೊಡಗಿದರು.